ಮನೆಯ ಓದು: ಎರಡನೆಯ ಪುಸ್ತಕದ ಸುಖ

ಕಥಾಮಾಲೆಯೊಂದರ ಮೊದಲನೆಯ ಪುಸ್ತಕವು ಮನೆಗೆ ಬಂದಾಗ ಯಾರೂ ಆಕ್ಷೇಪಿಸುವುದಿಲ್ಲ. ಮಕ್ಕಳಿಗೆ ಓದಿನಲ್ಲಿ ಅಭಿರುಚಿ ಹುಟ್ಟಿತಲ್ಲ ಎಂದು ಹಿರಿಯರು ಸಂತೋಷವನ್ನೇ ಪಡುತ್ತಾರೆ. ಎರಡನೆಯದು ಬಂದಾಗ ಪ್ರಶ್ನೆ ಏಳುತ್ತದೆ: ಅದೇ ರಾಜಕುಮಾರಿ, ಅದೇ ಮಾಯೆ, ಅದೇ ಪ್ರೇಮ, ಒಂದನ್ನು ಓದಿಯಾದ ಮೇಲೆ ಮತ್ತೊಂದೇತಕ್ಕೆ? ಹೀಗೆ ಕೇಳುವವರು ಬಹುಮಟ್ಟಿಗೆ ಎರಡರಲ್ಲಿ ಒಂದನ್ನೂ ತೆರೆದು ನೋಡಿದವರಲ್ಲ. ಆದರೂ ಪ್ರಶ್ನೆಯನ್ನು ತಳ್ಳಿಹಾಕುವುದು ಸರಿಯಲ್ಲ. ಗೃಹಸ್ಥನು ತನ್ನ ಮನೆಯಲ್ಲಿ ಹಣವೂ ಹೊತ್ತೂ ಯಾವುದಕ್ಕೆ ವ್ಯಯವಾಗುತ್ತಿದೆ ಎಂದು ವಿಚಾರಿಸತಕ್ಕವನೇ. ಅದಕ್ಕೆ ತಕ್ಕ ಉತ್ತರವಿದೆ ಎಂಬುದನ್ನು ಈ ಸಲ ತಿಳಿಸಲು ಯತ್ನಿಸುತ್ತೇನೆ.

ಚಿನ್ನದ ಗಣಿಯ ಸೀಮೆಯವರಿಗೆ ಎರಡನೆಯ ಭಾಗಕ್ಕಾಗಿ ಕಾದು ಕುಳಿತುಕೊಳ್ಳುವ ಅನುಭವ ಹೊಸದಲ್ಲ. ನಮ್ಮ ಊರಿನ ಹೆಸರನ್ನೇ ಹೊತ್ತ ಚಲಚ್ಚಿತ್ರದ ಮೊದಲನೆಯ ಅಧ್ಯಾಯವು 2018ರಲ್ಲಿಯೂ ಎರಡನೆಯದು 2022ರಲ್ಲಿಯೂ ಬಂದುವು. ನಡುವಣ ಮೂರು ವರುಷಕ್ಕೂ ಮೀರಿದ ಕಾಲವನ್ನು ಇಲ್ಲಿಯ ಹುಡುಗರು ಹೇಗೆ ಕಳೆದರೆಂಬುದನ್ನು ಕಂಡವರು ಬಲ್ಲರು. ಆ ಚಿತ್ರದ ಕಥೆಗೂ ಗಣಿಯ ನಿಜವಾದ ಚರಿತ್ರೆಗೂ ದೂರವೆಂಬುದು ಬೇರೆ ಮಾತು. ಪುಸ್ತಕದ ಓದಿಗಾದರೋ ಇಲ್ಲಿ ರೈಲುಗಾಡಿಯಷ್ಟು ಅನುಕೂಲವಾದ ಸ್ಥಳ ಮತ್ತೊಂದಿಲ್ಲ. ಮಾರಿಕುಪ್ಪಮ್ಮಿನಲ್ಲಿ ಹೊರಟು ಚಾಂಪಿಯನ್, ಊರಿಗಾಂ, ಕೋರಮಂಡಲಗಳನ್ನು ದಾಟಿ ಬಂಗಾರಪೇಟೆಗೆ ಬಂದು, ಅಲ್ಲಿಂದ ಬೆಂಗಳೂರಿಗೆ ಹೋಗಿ, ಸಂಜೆ ಅದೇ ದಾರಿಯಲ್ಲಿ ಮರಳುವ ತರುಣ ತರುಣಿಯರಿಗೆ ದಿನವೂ ಹಲವು ಗಂಟೆಗಳು ಗಾಡಿಯಲ್ಲಿಯೇ ಕಳೆಯುತ್ತವೆ. ನಿಂತುಕೊಂಡಾದರೂ ಓದುವವರನ್ನು ನೋಡಿದರೆ ಕಥೆಯ ಬಲ ಎಷ್ಟೆಂಬುದು ಮನಸ್ಸಿಗೆ ಬರುತ್ತದೆ.

ಇಂತಹ ಓದಿನಲ್ಲಿ ನನ್ನ ಕೈಗೆ ಬಂದದ್ದು ಅಮೆರಿಕದ ಲೇಖಕಿ ರೋಷನಿ ಚೋಕ್ಷಿಯವರು ಇಂಗ್ಲಿಷಿನಲ್ಲಿ ಬರೆದಿರುವ ‘ಎ ಕ್ರೌನ್ ಆಫ್ ವಿಷಸ್’, ಎಂದರೆ ‘ಇಷ್ಟಾರ್ಥಗಳ ಕಿರೀಟ’ ಎಂಬ ಗ್ರಂಥ. ಇದು 2017ರಲ್ಲಿ ಹೊರಬಂದಿತು. ಇದಕ್ಕೆ ಹಿಂದಿನದಾದ ‘ದಿ ಸ್ಟಾರ್-ಟಚ್ಡ್ ಕ್ವೀನ್’ 2016ರದು. ಲೇಖಕಿಯವರ ಮನೆತನದಲ್ಲಿ ಭಾರತದ ರಕ್ತವೂ ಫಿಲಿಪ್ಪೀನ್ಸಿನ ರಕ್ತವೂ ಕೂಡಿವೆ. ಮೊದಲನೆಯ ಪುಸ್ತಕದ ನಾಯಿಕೆ ಮಾಯಾ ಎಂಬ ರಾಜಕುಮಾರಿ. ಅವಳ ಜಾತಕದಲ್ಲಿ ಮೃತ್ಯುವಿನೊಡನೆ ವಿವಾಹವೆಂದು ಬರೆದಿದೆ. ಅಲ್ಲಿ ಅವಳ ಬಾಯಿಂದ ಕಥೆ ಕೇಳುತ್ತಿದ್ದ ಪುಟ್ಟ ಮಲತಂಗಿ ಗೌರಿಯೇ ಎರಡನೆಯದರಲ್ಲಿ ಬೆಳೆದು ನಾಯಿಕೆಯಾಗಿದ್ದಾಳೆ. ಕಥೆ ಆರಂಭವಾಗುವಾಗ ಅವಳು ಶತ್ರುರಾಜ್ಯದಲ್ಲಿ ಸೆರೆಯಾಳು. ಆ ರಾಜ್ಯದ ಹೆಸರು ಉಜ್ಜಯಿನಿಯನ್ನು ನೆನಪಿಗೆ ತರುತ್ತದೆ. ರಾಜಕುಮಾರನ ಹೆಸರು ವಿಕ್ರಮ. ಬೇತಾಳನ ಕಥೆಗಳನ್ನೂ ಬತ್ತೀಸ ಪುತ್ಥಳಿಯ ಕಥೆಗಳನ್ನೂ ಕೇಳಿ ಬೆಳೆದ ನಮ್ಮವರಿಗೆ ಈ ಹೆಸರುಗಳ ಪರಿಚಯವನ್ನು ಮಾಡಿಕೊಡಬೇಕಾದದ್ದಿಲ್ಲ.

ಅಳಕಾಪುರಿಯಲ್ಲಿ ಕುಬೇರನು ಒಂದು ಪಂದ್ಯವನ್ನು ಏರ್ಪಡಿಸುತ್ತಾನೆ. ಗೆದ್ದವರಿಗೆ ಬಹುಮಾನ ಅವರ ಇಷ್ಟಾರ್ಥ. ಸೆರೆಯಲ್ಲಿರುವ ರಾಜಕುಮಾರಿಯೂ ಸೆರೆಹಿಡಿದ ರಾಜ್ಯದ ಕುಮಾರನೂ ಜೊತೆಗಾರರಾಗಿ ಅಲ್ಲಿಗೆ ಹೊರಡುತ್ತಾರೆ. ದಾರಿಯಲ್ಲಿಯೂ ನಗರದಲ್ಲಿಯೂ ವಿಷಕನ್ಯೆಯರು, ಕಥೆಯ ಹಕ್ಕಿಗಳು, ಭಯಗಳನ್ನೇ ಬಡಿಸುವ ಒಂದು ಔತಣ. ಆದರೆ ಇವೆಲ್ಲಕ್ಕಿಂತ ಅಪಾಯವಾದದ್ದು ತಾವು ಬಯಸಿದ ವಸ್ತುವೇ ಎಂಬುದು ಆ ಇಬ್ಬರಿಗೂ ಕ್ರಮೇಣ ತಿಳಿಯುತ್ತದೆ. ಅಂತ್ಯವನ್ನು ಇಲ್ಲಿ ಹೇಳಿ ಓದುವವರ ಸುಖವನ್ನು ಕೆಡಿಸಲಾರೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಮೊದಲನೆಯ ಪುಸ್ತಕದ ಸುಖವು ಹೊಸ ಊರಿಗೆ ಹೋದವನ ಸುಖ. ಬೀದಿ ಯಾವುದು, ಅರಮನೆ ಯಾವುದು, ಇಲ್ಲಿಯ ಮಾಯೆಯ ಕಟ್ಟಳೆಗಳೇನು ಎಂದು ಬೆರಗಿನಿಂದ ನೋಡುತ್ತ ಹೋಗುವುದರಲ್ಲಿಯೇ ಪುಟಗಳು ಮುಗಿದುಹೋಗುತ್ತವೆ. ಎರಡನೆಯ ಪುಸ್ತಕದಲ್ಲಿ ಆ ಬೆರಗು ಅಷ್ಟಿರಲಾರದು. ಅದರ ಬದಲಿಗೆ ಮನುಷ್ಯರನ್ನು ನೋಡುವ ಬಿಡುವು ದೊರೆಯುತ್ತದೆ. ಮೊದಲನೆಯದರಲ್ಲಿ ಬದಿಯಲ್ಲಿ ನಿಂತಿದ್ದವಳು ಈಗ ನಡುವೆ ಬರುತ್ತಾಳೆ. ಮಗುವಾಗಿದ್ದವಳ ಕೈಯಲ್ಲಿ ಈಗ ಖಡ್ಗವಿದೆ. ಅವಳು ಅಕ್ಕನ ಮಡಿಲಿನಲ್ಲಿ ಕಥೆ ಕೇಳುತ್ತಿದ್ದುದನ್ನು ನಾವು ಬಲ್ಲೆವಾದ್ದರಿಂದಲೇ ಈಗಿನ ಅವಳ ಕಾಠಿಣ್ಯವು ನಮಗೆ ನೋವನ್ನುಂಟುಮಾಡುತ್ತದೆ. ಈ ನೋವನ್ನು ಮೊದಲನೆಯ ಪುಸ್ತಕವೊಂದೇ ಕೊಡಲಾರದು.

ಪ್ರೇಮದ ವಿಷಯವೂ ಹಾಗೆಯೇ. ನೋಡಿದ ಕೂಡಲೇ ಒಲಿಯುವುದನ್ನು ಬರೆಯುವುದು ಸುಲಭ. ಒಬ್ಬರನ್ನೊಬ್ಬರು ನಂಬುವುದಕ್ಕೆ ಯಾವ ಕಾರಣವೂ ಇಲ್ಲದ ಇಬ್ಬರು ಮಾತಿನಲ್ಲಿ ಕಾದಾಡುತ್ತ, ಒಂದೊಂದು ಅಪಾಯದಲ್ಲಿಯೂ ಒಬ್ಬರ ಪ್ರಾಣವನ್ನು ಮತ್ತೊಬ್ಬರ ಕೈಯಲ್ಲಿಡುತ್ತ, ಕೊನೆಗೆ ಒಲವೆಂದು ಒಪ್ಪಿಕೊಳ್ಳುವುದನ್ನು ನಂಬುವಂತೆ ಬರೆಯುವುದು ಕಷ್ಟ. ಹದಿನಾರು ಹದಿನೇಳರ ಹುಡುಗಿಯು ಇಂತಹುದನ್ನು ಓದುವುದರಿಂದ ಕೆಡುವಳೆಂದು ಹೆದರುವ ತಾಯಂದಿರಿಗೆ ನನ್ನ ವಿಜ್ಞಾಪನೆಯಿಷ್ಟೆ: ವಿಶ್ವಾಸವು ಮೊದಲು, ಅನುರಾಗವು ಅನಂತರ ಎಂದು ಹೇಳುವ ಕಥೆಯಿಂದ ಕೆಡಕೇನು? ನಾವು ಬಾಯಿಬಿಟ್ಟು ಹೇಳಲು ಸಂಕೋಚಪಡುವ ಬುದ್ಧಿಮಾತನ್ನು ಅದು ನಮ್ಮ ಪರವಾಗಿ ಹೇಳುತ್ತಿದೆ.

ರಾಬರ್ಟ್‌ಸನ್‌ಪೇಟೆಯ ಒಂದು ಮನೆಯ ವಿಚಾರವನ್ನು ಇಲ್ಲಿ ಹೇಳಬೇಕು. ಅಲ್ಲಿಯ ಅಜ್ಜನು ಗಣಿಯಲ್ಲಿ ದುಡಿದವನು. 2001ನೆಯ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಕೆಲಸವನ್ನು ಕಳೆದುಕೊಂಡವನು. ಮೊಮ್ಮಗಳು ಬೆಂಗಳೂರಿನ ಕಾಲೇಜಿಗೆ ಹೋಗಿಬರುವವಳು. ಅವಳು ಗಾಡಿಯಲ್ಲಿ ಓದಿದ ಭಾಗವನ್ನು ರಾತ್ರಿ ಊಟವಾದ ಮೇಲೆ ಅಜ್ಜನಿಗೆ ಕನ್ನಡದಲ್ಲಿ ಹೇಳುವಳು. ಮೊದಲನೆಯ ಪುಸ್ತಕವನ್ನು ಅವನು ಅರೆನಿದ್ದೆಯಲ್ಲಿ ಕೇಳಿದನಂತೆ. ಎರಡನೆಯದರಲ್ಲಿ ಕುಬೇರನ ಹೆಸರು ಬಂದೊಡನೆ ಎದ್ದು ಕುಳಿತು, “ಗೆದ್ದವರು ಏನು ಕೇಳಿಕೊಂಡರು?” ಎಂದು ವಿಚಾರಿಸಿದನು. ಅವಳು, “ಇನ್ನೂ ಅಲ್ಲಿಗೆ ಬಂದಿಲ್ಲ, ನೀನಾಗಿದ್ದರೆ ಏನು ಕೇಳುತ್ತಿದ್ದೆ?” ಎಂದಳು. ಅಜ್ಜನು ಬಹಳ ಹೊತ್ತು ಸುಮ್ಮನಿದ್ದು, “ಗಣಿ ಮತ್ತೆ ತೆರೆಯಲೆಂದು ಎಷ್ಟೋ ವರುಷ ಕೇಳಿಕೊಂಡೆ. ತೆರೆದಿದ್ದರೆ ನಿನ್ನಪ್ಪನೂ ಕೆಳಗೆ ಇಳಿಯುತ್ತಿದ್ದ,” ಎಂದನು. ಆ ಮನೆಯಲ್ಲಿ ಗಣಿಯ ಕೆಳಗಿನ ದಿನಗಳ ಮಾತನ್ನು ಅದುವರೆಗೆ ಅವನು ಎತ್ತಿದವನಲ್ಲ. ಅಂದಿನಿಂದ ಎಷ್ಟೋ ರಾತ್ರಿ ಪುಸ್ತಕದ ಕಥೆ ಅರ್ಧ, ಗಣಿಯ ಕಥೆ ಅರ್ಧವಾಗಿ ನಡೆಯಿತು. ಇಷ್ಟನ್ನು ಮಾಡಿಸಿದ ಪುಸ್ತಕಕ್ಕೆ ಕೊಟ್ಟ ಹಣ ದಂಡವಾಯಿತೆಂದು ಯಾರು ಹೇಳಿಯಾರು?

ಗಣಿಯ ಚರಿತ್ರೆಯಲ್ಲಿಯೂ ಈ ಪ್ರಶ್ನೆಗೆ ಒಂದು ಉತ್ತರವುಂಟು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪೆನಿಯವರು ಇಲ್ಲಿ ಕೆಲಸ ಹಿಡಿದಾಗ ಮೊದಲ ಯತ್ನಗಳು ಕೈಗೂಡದೆ, ಹಣವೆಲ್ಲ ತೀರುತ್ತ ಬಂದು, ಬಿಟ್ಟುಬಿಡುವ ಯೋಚನೆಯೂ ನಡೆಯಿತು. ಹಿಂದಿನ ಕಾಲದವರು ತೋಡಿ ಬಿಟ್ಟಿದ್ದ ಹಳೆಯ ಕುಳಿಗಳ ಅಡಿಗೆ ಮತ್ತೂ ಇಳಿದು ನೋಡಿದಾಗ ಚಾಂಪಿಯನ್ ಎಂದು ಹೆಸರಾದ ಸಮೃದ್ಧವಾದ ಪದರವು ಸಿಕ್ಕಿತು. ಆಮೇಲೆ ಅದನ್ನು ಹಿಂಬಾಲಿಸಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋದರು. ಒಮ್ಮೆ ತೋಡಿದ ಜಾಗವೆಂದು ಬಿಟ್ಟಿದ್ದರೆ ಆ ಚಿನ್ನವು ಅಲ್ಲಿಯೇ ಉಳಿಯುತ್ತಿತ್ತು.

ಇನ್ನು, ಇಂತಹ ಮಾಯಾಪ್ರೇಮದ ಕಥಾಮಾಲೆಗಳು ಹೊರದೇಶದ ಹುಚ್ಚು ಎನ್ನುವವರಿದ್ದಾರೆ. ಅವರಿಗೆ ನಮ್ಮ ಭಾಷೆಯ ಒಂದು ಪದವನ್ನು ಜ್ಞಾಪಿಸುತ್ತೇನೆ. ದೀರ್ಘವಾದ ಗದ್ಯಕಥೆಗೆ ನಾವು ‘ಕಾದಂಬರಿ’ ಎನ್ನುತ್ತೇವೆ. ಇದು ಬಾಣಭಟ್ಟನ ನಾಯಿಕೆಯ ಹೆಸರು. ಏಳನೆಯ ಶತಮಾನದಲ್ಲಿ ಹರ್ಷನ ಆಸ್ಥಾನದಲ್ಲಿದ್ದ ಆ ಕವಿಯು ಬರೆದ ಕಥೆಯಲ್ಲಿ ಗಂಧರ್ವರುಂಟು, ಶಾಪವುಂಟು, ಮನುಷ್ಯನಂತೆ ಮಾತನಾಡುವ ಗಿಣಿಯುಂಟು, ಜನ್ಮಜನ್ಮಾಂತರಗಳನ್ನು ದಾಟಿ ಬರುವ ಪ್ರೇಮವುಂಟು. ಅದರ ನಾಯಕನೂ ಉಜ್ಜಯಿನಿಯ ರಾಜಕುಮಾರನೇ. ವಿದ್ಯಾಮಂದಿರದಿಂದ ಹೊರಬರುವಾಗ ಚಂದ್ರಾಪೀಡನಿಗೆ ಹದಿನಾರು ವರುಷ. ತರುಣರ ಕಥೆ ಎಂದರೆ ಇದಕ್ಕಿಂತ ಬೇರೆ ಯಾವುದು?

ಬಾಣನು ಈ ಕಥೆಯನ್ನು ಮುಗಿಸದೆಯೇ ಕಾಲವಾದನು. ಕಾದಂಬರಿಯ ವಿರಹವೇದನೆಯನ್ನು ಪತ್ರಲೇಖೆಯು ಚಂದ್ರಾಪೀಡನಿಗೆ ನಿವೇದಿಸುತ್ತಿರುವಾಗಲೇ ಪೂರ್ವಭಾಗವು ನಿಂತುಹೋಯಿತು. ಅಲ್ಲಿಗೇ ಬಿಟ್ಟಿದ್ದರೆ ಆ ಇಬ್ಬರೂ ಇಂದಿಗೂ ಅಗಲಿಯೇ ಇರುತ್ತಿದ್ದರು. ಬಾಣನ ಮಗನಾದ ಭೂಷಣಭಟ್ಟನು ಉತ್ತರಭಾಗವನ್ನು ಬರೆದನು. ಕಥೆ ಅರ್ಧಕ್ಕೆ ನಿಂತುದಕ್ಕಾಗಿ ಸಜ್ಜನರು ದುಃಖಿಸುವುದನ್ನು ಕಂಡು ತಾನು ಇದಕ್ಕೆ ಕೈಹಾಕಿದೆನೇ ಹೊರತು ಕವಿಯೆಂಬ ಗರ್ವದಿಂದಲ್ಲ ಎಂದು ಅವನು ಆರಂಭದಲ್ಲಿಯೇ ವಿನಯದಿಂದ ಅರಿಕೆ ಮಾಡಿಕೊಂಡಿದ್ದಾನೆ. ಗಿಣಿಯು ಯಾರು, ಶೂದ್ರಕರಾಜನು ಯಾರು, ಗಿಣಿಯನ್ನು ತಂದ ಚಂಡಾಲಕನ್ಯೆಯು ಯಾರು ಎಂಬ ರಹಸ್ಯಗಳೆಲ್ಲ ಬಿಡಿಸಿಕೊಳ್ಳುವುದೂ, ಪ್ರಾಣಹೋದ ಪ್ರಿಯನ ದೇಹವನ್ನು ಕಾದಂಬರಿಯು ಕಾದಿರುವುದೂ, ಕೊನೆಗೆ ಎಲ್ಲರೂ ಕೂಡುವುದೂ ಈ ಎರಡನೆಯ ಭಾಗದಲ್ಲಿಯೇ. ತಂದೆಯ ಗದ್ಯದ ವೈಭವ ಮಗನಲ್ಲಿ ಅಷ್ಟಿಲ್ಲವೆಂದು ವಿದ್ವಾಂಸರು ಹೇಳುವುದುಂಟು. ಆಗಲಿ, ಕಾದಿದ್ದವರಿಗೆ ಸಮಾಧಾನವನ್ನು ಕೊಟ್ಟವನು ಮಗನೇ. ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಇದ್ದನೆಂದು ಎಣಿಸುವ ನಾಗವರ್ಮನು ‘ಕರ್ಣಾಟಕ ಕಾದಂಬರಿ’ಯನ್ನು ಚಂಪುವಾಗಿ ರಚಿಸಿದಾಗ ಉತ್ತರಭಾಗದ ಕಥೆಯನ್ನೂ ಕೂಡಿಸಿಯೇ ಹೇಳಿದನು. ಎರಡನೆಯ ಪುಸ್ತಕಕ್ಕಾಗಿ ಹಂಬಲಿಸುವ ಮಕ್ಕಳು ಹೊಸದೇನನ್ನೂ ಮಾಡುತ್ತಿಲ್ಲ.

ಹಾಗೆಂದು ಬಂದ ಪುಸ್ತಕವನ್ನೆಲ್ಲ ಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಮೊದಲನೆಯದು ಮಾರಾಟವಾಯಿತೆಂಬ ಕಾರಣಕ್ಕಾಗಿಯೇ ಎಳೆದು ಬರೆದ ಎರಡನೆಯ ಪುಸ್ತಕಗಳೂ ಇವೆ. ಗುರುತಿಸುವ ಬಗೆ ಕಷ್ಟವಲ್ಲ. ಪಾತ್ರಗಳು ಮೊದಲನೆಯದರಲ್ಲಿ ಕಲಿತದ್ದನ್ನು ಮರೆತು ಅದೇ ತಪ್ಪನ್ನು ಮತ್ತೆ ಮಾಡುತ್ತಿದ್ದರೆ ಅದನ್ನು ಕೆಳಗಿಡಬಹುದು. ಕಲಿತದ್ದರ ಬೆಲೆಯನ್ನು ಈಗ ತೆರುತ್ತಿದ್ದರೆ ಓದಬಹುದು. ಚೋಕ್ಷಿಯವರ ಪುಸ್ತಕವು ಈ ಎರಡನೆಯ ಬಗೆಯದು. ಅಲಂಕಾರದ ಭಾರ ಅಲ್ಲಲ್ಲಿ ಹೆಚ್ಚಾಗಿದೆ. ನಮ್ಮ ಪುರಾಣದ ಹೆಸರುಗಳು ಕೆಲವೆಡೆ ಬೇರೆ ವೇಷದಲ್ಲಿ ಬರುತ್ತವೆ. ಇವನ್ನು ದೋಷವೆಂದು ಸಿಡಿಮಿಡಿಗೊಳ್ಳುವುದಕ್ಕಿಂತ, ಅಳಕಾಪುರಿಯ ವಿಷಯ ನಮ್ಮಲ್ಲಿ ಹೇಗೆ ಹೇಳಿದೆ ಎಂದು ಮಕ್ಕಳೊಡನೆ ಮಾತಿಗೆ ಕೂಡುವುದು ಲೇಸು.

ಆದಕಾರಣ ಗೃಹಸ್ಥರಲ್ಲಿ ನನ್ನ ಪ್ರಾರ್ಥನೆ ಇಷ್ಟೆ. ಮಗಳೋ ಮೊಮ್ಮಗಳೋ ಎರಡನೆಯ ಪುಸ್ತಕವನ್ನು ಬೇಡಿದಾಗ ‘ಮತ್ತೊಂದೇತಕ್ಕೆ’ ಎನ್ನುವ ಮೊದಲು, ‘ಮೊದಲನೆಯದರಲ್ಲಿ ಏನಾಯಿತು?’ ಎಂದು ಕೇಳಿರಿ. ಅವಳು ಹೇಳಲಾರಂಭಿಸಿದರೆ ಅಡ್ಡಮಾತು ಆಡದೆ ಕೇಳಿರಿ. ಕಥೆ ಮುಗಿಯುವ ಹೊತ್ತಿಗೆ, ಮುಂದೇನಾಯಿತೆಂದು ತಿಳಿಯುವ ಆಸೆ ನಿಮಗೂ ಹುಟ್ಟಿದ್ದರೆ, ಪುಸ್ತಕವನ್ನು ತರಿಸಿಕೊಡುವುದಕ್ಕೆ ಬೇರೆ ಕಾರಣ ಬೇಕಾಗುವುದಿಲ್ಲ.