ಟಿಎಸ್‌ಎಚ್ ನಾರ್ಮಲ್ ಬಂದರೂ ಕೇಳಬೇಕಾದ ಎರಡು ಪರೀಕ್ಷೆಗಳು

ಸದಾ ಸುಸ್ತು, ಚಳಿ ತಡೆಯಲಾಗುವುದಿಲ್ಲ ಎಂದು ನಮ್ಮ ನ್ಯೂಮಾರ್ಕೆಟ್‌ನಲ್ಲಿ ಫ್ಯಾಮಿಲಿ ಡಾಕ್ಟರ ಬಳಿ ಹೋದರೆ ಸಾಮಾನ್ಯವಾಗಿ ಮೊದಲು ಬರೆದುಕೊಡುವ ಥೈರಾಯ್ಡ್ ಪರೀಕ್ಷೆ ಟಿಎಸ್‌ಎಚ್. ಹೆಚ್ಚಿನವರಿಗೆ ಅಷ್ಟು ಸಾಕು. ಥೈರಾಯ್ಡ್ ಸೋತಾಗ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಏರಿಸಿ ಅದನ್ನು ದುಡಿಸಲು ನೋಡುತ್ತದೆ. ಆ ಏರಿಕೆಯಿಂದಲೇ ರೋಗ ಗೊತ್ತಾಗುವುದು. ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟಿರುವ ಆ ಪಿಟ್ಯುಟರಿಯೇ ಕೆಟ್ಟರೆ ಏರಿಸುವವರು ಯಾರು? ಆಗ ಟಿಎಸ್‌ಎಚ್ ನಾರ್ಮಲ್ ಎಂದೇ ಬರಬಹುದು, ಥೈರಾಯ್ಡ್ ಹಾರ್ಮೋನಾದ ಫ್ರೀ ಟಿ4 ಮಾತ್ರ ಕುಸಿದಿರುತ್ತದೆ. ಪಿಟ್ಯುಟರಿಯ ಅಪ್ಪಣೆಯಿಂದಲೇ ಬರುವ ಕಾರ್ಟಿಸಾಲ್ ಹಾರ್ಮೋನೂ ಜೊತೆಗೆ ಕುಸಿದಿರಬಹುದು. ಹಾಗಾಗಿ ಪಿಟ್ಯುಟರಿಯ ಮೇಲೆ ಅನುಮಾನವಿದ್ದವರು ಫ್ರೀ ಟಿ4 ಮತ್ತು ಬೆಳಗಿನ ಕಾರ್ಟಿಸಾಲ್ ಎರಡನ್ನೂ ಕೇಳಿ ಮಾಡಿಸಿಕೊಳ್ಳಬೇಕು. ಕಾರ್ಟಿಸಾಲ್ ಕೊರತೆ ಇರುವಾಗ ಅದನ್ನು ಸರಿಪಡಿಸದೆ ಥೈರಾಯ್ಡ್ ಮಾತ್ರೆ ಶುರು ಮಾಡಿದರೆ ಜೀವಕ್ಕೇ ಅಪಾಯ.

ಬೇಡದ ಪರೀಕ್ಷೆಗೆ ಸರ್ಕಾರಿ ಆರೋಗ್ಯ ವಿಮೆಯಾದ ಓಹಿಪ್‌ನ ದುಡ್ಡು ಯಾಕೆ ಸುರಿಯಬೇಕು ಎನ್ನುವವರಿದ್ದಾರೆ. ನ್ಯಾಯವಾದ ಮಾತೇ. ಎಲ್ಲರಿಗೂ ಫ್ರೀ ಟಿ4 ಬೇಡವೆಂದು ಅನಗತ್ಯ ಪರೀಕ್ಷೆ ತಗ್ಗಿಸುವ ಅಭಿಯಾನವಾದ ಚೂಸಿಂಗ್ ವೈಸ್‌ಲಿ ಕೆನಡಾ ಕೂಡ ಹೇಳುತ್ತದೆ. ಆದರೆ ಪಿಟ್ಯುಟರಿ ಅಥವಾ ಹೈಪೊಥಲಾಮಸ್ ಕಾಯಿಲೆಯ ಶಂಕೆ ಇರುವವರನ್ನು ಅದೇ ಸಲಹೆ ಹೊರಗಿಟ್ಟಿದೆ. ತಲೆಗೆ ಬಲವಾದ ಪೆಟ್ಟು ಬಿದ್ದವರು, ಪಕ್ಕದ ನೋಟ ಮಸುಕಾದವರು ಈ ಗುಂಪಿನವರು. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ, ಎದೆಹಾಲು ಬಾರದೆ, ಮುಟ್ಟೂ ಮರಳದವರಿಗೆ ಪಿಟ್ಯುಟರಿ ಹಾಳಾಗುವ ಶೀಹನ್ ಸಿಂಡ್ರೋಮ್ ಇರಬಹುದು. ಊರಿನಲ್ಲಿ ಮನೆಯಲ್ಲೇ ಹೆತ್ತ ತಾಯಂದಿರಲ್ಲಿ ಅದು ಎಷ್ಟೋ ವರ್ಷ ಕಳೆದು ಪತ್ತೆಯಾಗುವುದುಂಟು. ಆ ಹೆರಿಗೆಯ ವಿಷಯ ಇಲ್ಲಿನ ಡಾಕ್ಟರಿಗೆ ಗೊತ್ತಿರುವುದಿಲ್ಲ, ಅಮ್ಮನೋ ಅತ್ತೆಯೋ ತಾವಾಗಿ ಬಾಯಿಬಿಡುವುದಿಲ್ಲ; ಜೊತೆಗೆ ಹೋದವರೇ ಹೇಳಬೇಕು.

ಊರಿಗೆ ಹೋದಾಗ ಫುಲ್ ಬಾಡಿ ಪ್ಯಾಕೇಜ್ ಮಾಡಿಸಿದರಾಯಿತು ಎಂಬ ಉಪಾಯವೂ ಚಾಲ್ತಿಯಲ್ಲಿದೆ. ಆದರೆ ಕಾರ್ಟಿಸಾಲ್ ಹೊತ್ತಿಗೊಂದು ಮಟ್ಟದಲ್ಲಿರುತ್ತದೆ. ಬೆಳಗ್ಗೆ 8–9ರ ಸುಮಾರಿಗೆ ಕೊಟ್ಟ ರಕ್ತಕ್ಕೆ ಇರುವ ಅರ್ಥ ಮಧ್ಯಾಹ್ನದ್ದಕ್ಕೆ ಇಲ್ಲ. ಕೂದಲಿಗೆಂದು ನುಂಗುವ ಬಯೋಟಿನ್ ಕೆಲವು ಲ್ಯಾಬ್‌ಗಳಲ್ಲಿ ಟಿಎಸ್‌ಎಚ್ ಅನ್ನು ಕಡಿಮೆಯಾಗಿ, ಫ್ರೀ ಟಿ4 ಅನ್ನು ಹೆಚ್ಚಾಗಿ ತೋರಿಸಿಬಿಡುತ್ತದೆ. ಅಳತೆಯೂ ಬೇರೆ: ಬೆಂಗಳೂರಿನ ರಿಪೋರ್ಟಿನಲ್ಲಿ ಡೆಸಿಲೀಟರಿಗೆ 10 ಮೈಕ್ರೊಗ್ರಾಂ ಎಂದಿರುವ ಕಾರ್ಟಿಸಾಲ್ ಇಲ್ಲಿ ಲೀಟರಿಗೆ ಸುಮಾರು 276 ನ್ಯಾನೊಮೋಲ್. ಎರಡು ಹಾಳೆ ಪಕ್ಕಪಕ್ಕ ಇಟ್ಟು ಹಿಗ್ಗುವುದೂ ಹೆದರುವುದೂ ವ್ಯರ್ಥ. ಮಂಡಿಗೆ ಹಾಕಿಸಿದ ಸ್ಟಿರಾಯ್ಡ್ ಇಂಜೆಕ್ಷನ್ ಕೂಡ ಕಾರ್ಟಿಸಾಲ್ ತಗ್ಗಿಸಬಲ್ಲದು, ಅದನ್ನೂ ಡಾಕ್ಟರಿಗೆ ತಿಳಿಸಿ. ಕಾರ್ಟಿಸಾಲ್ ಕೊರತೆಗೆ ಈಗಾಗಲೇ ಹೈಡ್ರೊಕಾರ್ಟಿಸೋನ್ ತೆಗೆದುಕೊಳ್ಳುತ್ತಿರುವವರು ಪರೀಕ್ಷೆಗೆಂದು ತಾವಾಗಿ ಮಾತ್ರೆ ನಿಲ್ಲಿಸಬಾರದು. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ತಡಮಾಡದೆ ಡೇವಿಸ್ ಡ್ರೈವ್‌ನ ಸೌತ್‌ಲೇಕ್ ಎಮರ್ಜೆನ್ಸಿಗೆ ಹೋಗಿ, ಅಡ್ರಿನಲ್ ಇನ್ಸಫಿಷಿಯನ್ಸಿ (ಕಾರ್ಟಿಸಾಲ್ ಕೊರತೆ) ಇದೆ, ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ಬೇಕು ಎಂದು ಬಾಗಿಲಲ್ಲೇ ಹೇಳಿ.