ವೆಂಕಟಪ್ಪ ಗ್ಯಾಲರಿ ದತ್ತು ಕೊಡುವ ಕೂಸಲ್ಲ

ಹೂವಿನಹಡಗಲಿಯಲ್ಲಿ ನಾಟಕದವರಿಗೆ ಎಂ.ಪಿ. ಪ್ರಕಾಶ್ ಕಟ್ಟಿದ ರಂಗಭಾರತಿ ಇದೆ. ಚಿತ್ರ ಬರೆಯುವ ಹುಡುಗ ಮಾತ್ರ ತನ್ನ ಕೆಲಸವನ್ನು ಗೋಡೆಗೆ ತೂಗುಹಾಕಿ ನಾಲ್ಕು ಜನಕ್ಕೆ ತೋರಿಸಬೇಕೆಂದರೆ ಬೆಂಗಳೂರಿನ ಬಸ್ಸು ಹತ್ತಬೇಕು. ಅಲ್ಲಿ ಕಡಿಮೆ ಬಾಡಿಗೆಗೆ ಇಂಥವರಿಗೆ ದಶಕಗಳಿಂದ ಸಿಗುತ್ತಿದ್ದ ಜಾಗ ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿ.

ಆ ಗ್ಯಾಲರಿಯನ್ನೇ 2015ರಲ್ಲಿ ಸರ್ಕಾರ ಪ್ರವಾಸಿ ತಾಣಗಳ ದತ್ತು ಯೋಜನೆಯಡಿ ಕಲಾಸಂಗ್ರಾಹಕ ಅಭಿಷೇಕ್ ಪೋದ್ದಾರ್ ಅವರ ತಸ್ವೀರ್ ಫೌಂಡೇಶನ್‌ಗೆ ವಹಿಸಲು ಒಪ್ಪಂದ ಮಾಡಿಕೊಂಡಿತು. ಕಲಾವಿದರನ್ನು ವಿಶ್ವಾಸಕ್ಕೆ ತೆಗೆದುಕೊಳ್ಳಲಿಲ್ಲ. ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿತು ಮೈಸೂರಿಗೆ ಮರಳಿದ ಕೆ. ವೆಂಕಟಪ್ಪನವರ ಜಲವರ್ಣಗಳು, ಕೆ.ಕೆ. ಹೆಬ್ಬಾರರು ದಾನ ಕೊಟ್ಟ ಕೃತಿಗಳು ಇರುವ ಮನೆ ಅದು. ಹೆಬ್ಬಾರರು ಕೊಟ್ಟದ್ದು ನಾಡಿನ ಜನಕ್ಕೆ. ಜನಕ್ಕೆ ಕೊಟ್ಟದ್ದರ ಉಸ್ತುವಾರಿಯನ್ನು ಜನರನ್ನು ಕೇಳದೆ ಇನ್ನೊಬ್ಬರ ಕೈಗಿಡುವ ಹಕ್ಕು ಯಾವ ಇಲಾಖೆಗೂ ಇಲ್ಲ.

2016ರಲ್ಲಿ ಕಲಾವಿದರು ಬೀದಿಗಿಳಿದರು.

ಬಂಡವಾಳ ಬಂದರೆ ಇವರಿಗೇಕೆ ಹೊಟ್ಟೆಯುರಿ ಎಂದು ಕೇಳಿದವರಿದ್ದರು. ಸೋರುವ ಸೂರಿಗಿಂತ ಸಿರಿವಂತರ ಆರೈಕೆ ಮೇಲು ಎಂಬ ವಾದ ಕೇಳಲು ಹಿತ. ಆದರೆ ಸೂರು ಸೋರಲು ಬಿಟ್ಟವರು ಯಾರು? ಸರ್ಕಾರ ತನ್ನ ನಿರ್ಲಕ್ಷ್ಯವನ್ನೇ ಕಾರಣ ಮಾಡಿಕೊಂಡು ಹೊಣೆ ಕಳಚಿಕೊಳ್ಳಲು ಹೊರಟಿತ್ತು. ಖಾಸಗಿ ಆಡಳಿತ ಬಂದಮೇಲೆ ಯಾವ ಚಿತ್ರ ಗೋಡೆ ಏರಬೇಕು ಎಂಬುದು ಒಬ್ಬರ ಅಭಿರುಚಿಗೆ ಬಿಟ್ಟ ವಿಷಯವಾಗುತ್ತದೆ. ಹಡಗಲಿಯಿಂದ ಬಂದ, ಹೆಸರಿಲ್ಲದ ಹುಡುಗನ ಸರದಿ ಬರುವುದು ಕಷ್ಟ.

ಆ ಒಪ್ಪಂದ ಮುಂದುವರಿಯಲಿಲ್ಲ. ಪೋದ್ದಾರ್ ಅವರಿಗೆ ಅದರಿಂದ ನಷ್ಟವೂ ಆಗಲಿಲ್ಲ. ಅದೇ ಕಸ್ತೂರಬಾ ರಸ್ತೆಯಲ್ಲಿ ಅವರು ಬೇರೆಯದೇ ಕಟ್ಟಡ ಕಟ್ಟಿಸಿದರು. ಅವರ ಸಂಗ್ರಹದಿಂದ ಹುಟ್ಟಿದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ 2023ರ ಫೆಬ್ರುವರಿಯಲ್ಲಿ ಬಾಗಿಲು ತೆರೆಯಿತು. 60,000ಕ್ಕೂ ಹೆಚ್ಚು ಕೃತಿಗಳ ಭಂಡಾರ ಅದು, ಅದಕ್ಕಾಗಿ ಅವರನ್ನು ಮನಸಾರೆ ಅಭಿನಂದಿಸಬೇಕು. ಉದ್ಯಮಿ ಎಚ್.ಕೆ. ಕೇಜ್ರಿವಾಲ್ ತಮ್ಮ ಸಂಗ್ರಹವನ್ನು ಚಿತ್ರಕಲಾ ಪರಿಷತ್ತಿಗೆ ಕೊಟ್ಟದ್ದು ಇನ್ನೊಂದು ದಾರಿ. ಅಲ್ಲಿ ಸಂಗ್ರಾಹಕರೇ ಸಂಸ್ಥೆಯ ಮನೆಬಾಗಿಲಿಗೆ ಬಂದರು. ಈ ಎರಡರಲ್ಲೂ ಸಾರ್ವಜನಿಕ ಗ್ಯಾಲರಿಯೊಂದು ಕೈತಪ್ಪಲಿಲ್ಲ. 2016ರ ಕಲಾವಿದರ ಹಟ ಸರಿಯಾಗಿತ್ತು ಎನ್ನಲು ಇದಕ್ಕಿಂತ ಪುರಾವೆ ಬೇಕಿಲ್ಲ.

ಇನ್ನು ಮುಂದೆ ಯಾವುದೇ ಸರ್ಕಾರಿ ಗ್ಯಾಲರಿಯ ಬಗ್ಗೆ ಒಪ್ಪಂದವಾಗುವುದಿದ್ದರೆ ಅದರ ಕರಡು ಸಹಿ ಬೀಳುವ ಮೊದಲೇ ಕನ್ನಡದಲ್ಲಿ ಪ್ರಕಟವಾಗಲಿ. 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಗೂ ಸರ್ಕಾರದ್ದೇ ಆದ ಒಂದು ಚಿತ್ರಶಾಲೆ ಬೇಕು. ಹಡಗಲಿ, ಕೂಡ್ಲಿಗಿ, ಹರಪನಹಳ್ಳಿಯ ಡ್ರಾಯಿಂಗ್ ಮಾಸ್ತರರು, ಚಿತ್ರಕಲೆ ಓದಿದ ಹುಡುಗ ಹುಡುಗಿಯರು ಒಟ್ಟಾಗಿ ಈ ಬೇಡಿಕೆಯನ್ನು ತಮ್ಮ ಶಾಸಕರ ಮುಂದಿಡಲಿ.