ಒರೆಸಿದ ಸ್ಲೇಟೂ ಮಾತಾಡುತ್ತದೆ

ಜ್ವರ ಬಂದ ಹುಡುಗ ಅಮ್ಮ ನೋಡುವ ಮೊದಲೇ ಥರ್ಮಾಮೀಟರನ್ನು ಜಾಡಿಸಿ ಪಾದರಸ ಇಳಿಸಿಬಿಟ್ಟರೆ ಜ್ವರ ಬಿಟ್ಟಂತಾಯಿತೆ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಳೆಯ ಹೈಬ್ರಿಡ್ ಕಾರು ಇಟ್ಟುಕೊಂಡ ಕೆಲವರು ಮಾಡುವುದು ಹೆಚ್ಚೂಕಡಿಮೆ ಇದನ್ನೇ. ಹೊಗೆ ತಪಾಸಣೆಯ ದಿನ ಹತ್ತಿರವಾಗಿದೆ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಆರುವುದೇ ಇಲ್ಲ. ಅಂಗಡಿಯಿಂದ ಅಂಗೈಯಗಲದ ಒಂದು ಉಪಕರಣ ತಂದು, ಸ್ಟೀರಿಂಗಿನ ಕೆಳಗಿರುವ 16 ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸಿ ಗುಂಡಿ ಒತ್ತಿದರೆ ಮುಗಿಯಿತು, ದೀಪ ಆರಿತು! ಇನ್ನೇನು, ಪಾಸಾದ ಹಾಗೆಯೇ ಎಂದು ಗಾಡಿ ತಪಾಸಣೆ ಕೇಂದ್ರದತ್ತ ಹೊರಡುತ್ತದೆ. ಪಾಸಾಗುವುದಿಲ್ಲ.

ಏಕೆಂದು ತಿಳಿಯಬೇಕಾದರೆ ಆ ದೀಪದ ಹುಟ್ಟನ್ನು ಸ್ವಲ್ಪ ನೋಡಬೇಕು. 1943ರ ಬೇಸಿಗೆಯಲ್ಲಿ ಲಾಸ್ ಏಂಜಲೀಸ್ ನಗರವನ್ನು ಕಣ್ಣುರಿಸುವ ಹೊಗೆಮಂಜು ಕವಿದಿತ್ತು. ಕಾರುಗಳ ಹೊಗೆಯೂ ಬಿಸಿಲೂ ಸೇರಿ ಇದನ್ನು ಹುಟ್ಟಿಸುತ್ತವೆ ಎಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟವರು ಹಾಲೆಂಡ್ ಮೂಲದ ರಸಾಯನವಿಜ್ಞಾನಿ ಹಾಗನ್-ಸ್ಮಿಟ್. ಅಲ್ಲಿಂದ ಒಂದೊಂದೇ ಕಾನೂನು ಬಂದು, 1996ರ ಮಾದರಿಯಿಂದೀಚೆಗೆ ಅಮೆರಿಕದಲ್ಲಿ ಮಾರಾಟವಾಗುವ ಪ್ರತಿಯೊಂದು ಕಾರೂ ತನ್ನ ಹೊಗೆಯ ಮೇಲೆ ತಾನೇ ಕಣ್ಣಿಡಬೇಕಾಯಿತು. ಈ ಕಾವಲಿನ ಕೆಲಸ ಕಾರಿನೊಳಗಿನ ಗಣಕದ್ದು. ತಪ್ಪು ಕಂಡರೆ ಅದು ಒಂದು ಸಂಕೇತ ಸಂಖ್ಯೆ ಬರೆದಿಟ್ಟು ದೀಪ ಹಚ್ಚುತ್ತದೆ.

ನಮ್ಮಲ್ಲಿ ಪೆಟ್ರೋಲ್ ಬಂಕಿನ ಪಕ್ಕದಲ್ಲಿ ನಿಂತ ವ್ಯಾನಿನವರು ಸೈಲೆನ್ಸರಿಗೆ ಕೊಳವೆ ತೂರಿಸಿ ಹೊಗೆ ಅಳೆಯುವುದನ್ನು ನೀವು ನೋಡಿರುತ್ತೀರಿ. ಕ್ಯಾಲಿಫೋರ್ನಿಯಾದಲ್ಲಿ 2000ದ ನಂತರದ ಮಾದರಿಗಳಿಗೆ ಆ ಕೊಳವೆಯೇ ಇಲ್ಲ. ಬಿಡಿಭಾಗಗಳು ಇದ್ದಲ್ಲೇ ಇವೆಯೇ ಎಂದು ಕಣ್ಣಾಡಿಸಿ, ಉಳಿದದ್ದನ್ನು ಗಣಕದ ಬಾಯಿಂದಲೇ ಕೇಳುತ್ತಾರೆ. ಹೈಬ್ರಿಡ್ ಕಾರುಗಳು ತಪಾಸಣೆಯ ಬಲೆಗೆ ಬಿದ್ದದ್ದೂ ಹೀಗೆಯೇ. ಉರುಳೆಗಳ ಮೇಲೆ ಓಡಿಸಿ ಹೊಗೆ ಹಿಡಿಯೋಣವೆಂದರೆ ಇವುಗಳ ಎಂಜಿನ್ ಮನಸ್ಸು ಬಂದಾಗ ಓಡುತ್ತದೆ, ಇಲ್ಲದಿದ್ದರೆ ನಿದ್ರಿಸುತ್ತದೆ! ಗಣಕವನ್ನೇ ಪ್ರಶ್ನಿಸುವ ಹೊಸ ವ್ಯವಸ್ಥೆ 2015ರ ಮಾರ್ಚಿಯಲ್ಲಿ ಬಂದ ಮೇಲೆ ಅವಕ್ಕಿದ್ದ ವಿನಾಯಿತಿ ಹೋಯಿತು.

ಹಳೆಯ ಕಾರುಗಳಲ್ಲಿ ಹೆಚ್ಚಾಗಿ ಕಾಡುವ ಸಂಕೇತ ಪಿ-0420. ಇದು ಕ್ಯಾಟಲಿಟಿಕ್ ಕನ್ವರ್ಟರಿಗೆ ಸಂಬಂಧಿಸಿದ್ದು. ಸೈಲೆನ್ಸರಿಗಿಂತ ಮುಂದೆ, ಹೊಗೆಯ ದಾರಿಯಲ್ಲಿ ಕೂತಿರುವ ಜೇನುಗೂಡಿನಂಥ ಪಿಂಗಾಣಿ ಗಟ್ಟಿ ಅದು. ಅದರ ಸಣ್ಣ ರಂಧ್ರಗಳಿಗೆ ಪ್ಲಾಟಿನಮ್, ಪಲ್ಲಾಡಿಯಮ್, ರೋಡಿಯಮ್ ಲೋಹಗಳ ತೆಳುಲೇಪ. (ಈ ಲೋಹಗಳ ಬೆಲೆಯಿಂದಾಗಿಯೇ ಕಳ್ಳರು ರಾತ್ರೋರಾತ್ರಿ ಕಾರಿನಡಿ ನುಗ್ಗಿ ಇದನ್ನು ಕೊಯ್ದೊಯ್ಯುವುದು. ಪ್ರಿಯಸ್ ಕಾರುಗಳೆಂದರೆ ಅವರಿಗೆ ಅಚ್ಚುಮೆಚ್ಚು.) ವಿಷದ ಇಂಗಾಲದ ಮಾನಾಕ್ಸೈಡನ್ನೂ ಉರಿಯದೆ ಉಳಿದ ಪೆಟ್ರೋಲನ್ನೂ ಇದು ಸುಡುತ್ತದೆ, ಸಾರಜನಕದ ಆಕ್ಸೈಡುಗಳನ್ನು ಒಡೆಯುತ್ತದೆ.

ಇದು ಕೆಲಸ ಮಾಡುತ್ತಿದೆಯೇ ಎಂದು ಗಣಕಕ್ಕೆ ತಿಳಿಯುವ ಬಗೆ ಸೊಗಸಾಗಿದೆ. ಗಟ್ಟಿಯ ಹಿಂದೆ ಮುಂದೆ ಆಮ್ಲಜನಕ ಅಳೆಯುವ ಒಂದೊಂದು ಸಂವೇದಕ ಇರುತ್ತದೆ. ಎಂಜಿನ್ನಿನಿಂದ ಬರುವ ಹೊಗೆಯಲ್ಲಿ ಆಮ್ಲಜನಕ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ಆರೋಗ್ಯವಂತ ಗಟ್ಟಿ ಹೆಚ್ಚಾದಾಗ ಹೀರಿಕೊಂಡು, ಕಡಿಮೆಯಾದಾಗ ಬಿಟ್ಟುಕೊಟ್ಟು ಆ ಏರಿಳಿತವನ್ನು ತಣಿಸಿಬಿಡುತ್ತದೆ. ಹೊರಬಾಗಿಲ ಸಂವೇದಕವೂ ಒಳಬಾಗಿಲಿನದರಂತೆಯೇ ಕುಣಿಯತೊಡಗಿದರೆ? ನಡುವಿನ ಗಟ್ಟಿಗೆ ಶಕ್ತಿ ಉಡುಗಿದೆ ಎಂದರ್ಥ. ಒಮ್ಮೆ ಕಂಡ ಮಾತ್ರಕ್ಕೆ ಗಣಕ ದೂರು ಕೊಡುವುದಿಲ್ಲ. ಮತ್ತೊಂದು ಪಯಣದಲ್ಲೂ ಅದೇ ಕಂಡರೆ ದೀಪ ಹತ್ತುತ್ತದೆ.

ಗುಂಡಿ ಒತ್ತಿದಾಗ ಸಂಕೇತವೊಂದೇ ಅಳಿಯುವುದಿಲ್ಲ. ತಪ್ಪು ಕಂಡ ಗಳಿಗೆಯಲ್ಲಿ ಎಂಜಿನ್ ಎಷ್ಟು ಬಿಸಿಯಿತ್ತು, ಕಾರಿನ ವೇಗವೆಷ್ಟು, ಭಾರವೆಷ್ಟು ಎಂದು ಬರೆದಿಟ್ಟ ಟಿಪ್ಪಣಿಯೂ ಹೋಗುತ್ತದೆ. ಮೆಕ್ಯಾನಿಕ್ಕಿಗೆ ಅದೇ ದೊಡ್ಡ ಸಾಕ್ಷ್ಯ. ಜೊತೆಗೆ, ಗಣಕ ತನ್ನ ಒಂದೊಂದು ಅಂಗವನ್ನೂ ಪರೀಕ್ಷಿಸಿ ಹಾಕಿಕೊಂಡಿದ್ದ 'ಮುಗಿದಿದೆ' ಎಂಬ ಗುರುತುಗಳೆಲ್ಲ 'ಇನ್ನೂ ಆಗಿಲ್ಲ' ಎಂದಾಗುತ್ತವೆ. ತಪಾಸಣೆಯವರು ಮೊದಲು ನೋಡುವ ಸಂಗತಿಗಳಲ್ಲಿ ಇದೂ ಒಂದು. ಕ್ಯಾಲಿಫೋರ್ನಿಯಾದಲ್ಲಿ 2000ದ ನಂತರದ ಪೆಟ್ರೋಲ್ ಕಾರಿಗೆ ಒಂದೇ ಒಂದು ಪರೀಕ್ಷೆ ಬಾಕಿಯಿದ್ದರೆ ಕ್ಷಮೆಯುಂಟು, ಅದೂ ಟ್ಯಾಂಕಿನ ಪೆಟ್ರೋಲ್ ಆವಿಯ ಪರೀಕ್ಷೆಯಾಗಿದ್ದರೆ ಮಾತ್ರ. ಉತ್ತರ ಪತ್ರಿಕೆ ಖಾಲಿ ಕೊಟ್ಟು 'ಒಂದೂ ತಪ್ಪಿಲ್ಲವಲ್ಲ' ಎಂದು ವಾದಿಸಿದರೆ ಯಾವ ಮೇಷ್ಟ್ರು ಒಪ್ಪುತ್ತಾರೆ?

ಹೈಬ್ರಿಡ್ಡಿನಲ್ಲಿ ಈ ಗುರುತುಗಳನ್ನು ಮತ್ತೆ ಗಳಿಸುವುದು ಇನ್ನೂ ಕಷ್ಟ. ಕನ್ವರ್ಟರಿನ ಪರೀಕ್ಷೆ ಮುಗಿಯಲು ಎಂಜಿನ್ ಚೆನ್ನಾಗಿ ಕಾದು ಸ್ವಲ್ಪ ಹೊತ್ತು ಒಂದೇ ಸಮ ಓಡಬೇಕು. ಪೇಟೆಯ ಸಿಗ್ನಲ್ಲುಗಳ ನಡುವೆ ಅದು ನಿಂತೇ ಇರುತ್ತದೆ. ಆವಿಯ ಪರೀಕ್ಷೆಗೆ ಗಾಡಿ ಗಂಟೆಗಟ್ಟಲೆ ನಿಂತು ತಣ್ಣಗಾಗಿರಬೇಕು, ಟ್ಯಾಂಕು ಪೂರ್ತಿ ತುಂಬಿರಲೂ ಬಾರದು, ಬರಿದಾಗಿರಲೂ ಬಾರದು. ಹೀಗೆ ದಿನಗಟ್ಟಲೆ ಓಡಿಸಿ ಕನ್ವರ್ಟರಿನ ಪರೀಕ್ಷೆ ಮುಗಿಸಿದಿರಿ ಎನ್ನಿ. ಗಟ್ಟಿ ಸತ್ತಿದ್ದರೆ ಪಿ-0420 ಮತ್ತೆ ಹಾಜರು!

ಇಷ್ಟರ ಮೇಲೆ ಇನ್ನೊಂದು ಬೀಗ. 2010ರ ಮಾದರಿಯ ಸುಮಾರಿನಿಂದ ಕಾರುಗಳಲ್ಲಿ 'ಶಾಶ್ವತ ಸಂಕೇತ' ಎಂಬುದು ಬಂದಿದೆ. ಗುಂಡಿ ಒತ್ತಿದರೂ ಅದು ಹೋಗದು, ಬ್ಯಾಟರಿಯ ತಂತಿ ಕಿತ್ತರೂ ಹೋಗದು. ದೋಷ ನಿಜಕ್ಕೂ ಹೋಗಿದೆಯೆಂದು ಗಣಕಕ್ಕೆ ಮನವರಿಕೆಯಾದಾಗ ಅದು ತಾನೇ ಅಳಿಸಬೇಕು. 2019ರ ಜುಲೈ 1ರಿಂದ ಕ್ಯಾಲಿಫೋರ್ನಿಯಾ ಇದನ್ನೂ ನೋಡುತ್ತಿದೆ. ಪ್ರಾಮಾಣಿಕವಾಗಿ ರಿಪೇರಿ ಮಾಡಿಸಿದವರು ಸಿಕ್ಕಿಹಾಕಿಕೊಳ್ಳಬಾರದೆಂದು ಒಂದು ರಿಯಾಯಿತಿಯನ್ನೂ ಇಟ್ಟಿದ್ದಾರೆ. ಅಳಿಸಿದ ಮೇಲೆ ಎಂಜಿನ್ 15 ಸಲ ತಣ್ಣಗಾಗಿ ಕಾದಿರಬೇಕು, ಕಾರು 200 ಮೈಲಿ, ಅಂದರೆ ಸುಮಾರು 320 ಕಿಲೋಮೀಟರ್, ಓಡಿರಬೇಕು. ಆಗ ಉಳಿದ ಶಾಶ್ವತ ಸಂಕೇತವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸಂಕೇತ ಅಳಿಸುವುದೇ ಅಪರಾಧವೆಂದು ತಿಳಿಯಬೇಡಿ. ರಿಪೇರಿಯಾದ ಮೇಲೆ ಮೆಕ್ಯಾನಿಕ್ ಅಳಿಸುವುದುಂಟು. ದೋಷ ಮರಳುತ್ತದೆಯೇ ಎಂದು ತಿಳಿಯಲು ಅದು ಸುಲಭದ ದಾರಿ. ತೊಂದರೆ ಬರುವುದು ರಿಪೇರಿಯ ಬದಲಿಗೆ ಅಳಿಸಿದಾಗ. ಆದರೆ ಹಾಗೆ ಮಾಡುವವರನ್ನೆಲ್ಲ ಮೋಸಗಾರರೆನ್ನಲೂ ಮನಸ್ಸು ಬಾರದು. ಆ ರಾಜ್ಯ ಒಪ್ಪಿದ ಕನ್ವರ್ಟರನ್ನೇ ಹಾಕಿಸಬೇಕು, ಅದು ದುಬಾರಿ. ಹದಿನೈದು ವರ್ಷದ ಕಾರಿನ ಬೆಲೆಗೆ ಹೋಲಿಸಿದರೆ ಎದೆ ಧಸಕ್ಕೆನ್ನುತ್ತದೆ. ತಪಾಸಣೆಯ ಚೀಟಿ ಇಲ್ಲದೆ ನೋಂದಣಿ ನವೀಕರಣವಾಗದು, ಕಾರಿಲ್ಲದೆ ಕೆಲಸಕ್ಕೆ ಹೋಗಲಾಗದು. ಬಡವರ ರಿಪೇರಿಗೆ ರಾಜ್ಯವೇ ನೆರವು ಕೊಡುವ ಯೋಜನೆ ಇರುವುದು ಈ ಕಾರಣಕ್ಕಾಗಿಯೇ.

ಈ ಸಂಗತಿ ನಮ್ಮ ಮನೆಗಳಿಗೂ ತಾಗುತ್ತದೆ. ಅಲ್ಲಿಗೆ ಓದಲು ಹೋದ ನಮ್ಮ ಹುಡುಗ ಹುಡುಗಿಯರು ಪೆಟ್ರೋಲ್ ಉಳಿಯುತ್ತದೆಂದು ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಕೊಳ್ಳುವುದುಂಟು. ಮಾರುವಾತನೇ 90 ದಿನದೊಳಗಿನ ತಪಾಸಣೆ ಚೀಟಿ ಕೊಡಬೇಕೆಂದು ಕ್ಯಾಲಿಫೋರ್ನಿಯಾದ ನಿಯಮವಿದೆ. ಅದನ್ನು ಕೇಳಿ ಪಡೆಯಬೇಕು. 'ಆಮೇಲೆ ಕೊಡುತ್ತೇನೆ, ಬೆಲೆ ಇಳಿಸುತ್ತೇನೆ' ಎಂದರೆ ದುಡ್ಡು ಕೊಡಬಾರದು. ಅದೇ ಅಗ್ಗದ ಉಪಕರಣವನ್ನು ಮಕ್ಕಳೂ ಜೊತೆಗೆ ಒಯ್ಯಬಹುದು. 2008ರಿಂದೀಚಿನ ಮಾದರಿಗಳಲ್ಲಿ 'ಸಂಕೇತ ಅಳಿಸಿದ ಮೇಲೆ ಓಡಿದ ದೂರ' ಎಂಬ ಅಂಕಿಯೂ ಅದರಲ್ಲಿ ಕಾಣಿಸುತ್ತದೆ. ಮಾರುವಾತ 'ವರ್ಷಗಳಿಂದ ಒಂದು ದೀಪವೂ ಹತ್ತಿಲ್ಲ' ಎನ್ನುತ್ತಿರುವಾಗ ಅಲ್ಲಿ 11 ಮೈಲಿ ಎಂದಿದ್ದರೆ, ಆ ಹನ್ನೊಂದು ಮೈಲಿಯ ಹಿಂದೆ ಏನಾಯಿತೆಂದು ಕೇಳಬೇಕು.